ಪೊರೆಯಾಚೆಯ ಕಾಯಿಲೆ: ವಯಸ್ಸಾದ ಕಣ್ಣಿನ ಮ್ಯಾಕ್ಯುಲಾ ಸವೆತವನ್ನು ಹೊತ್ತಿಗೆ ಸರಿಯಾಗಿ ಗುರುತಿಸುವುದು

ವಯಸ್ಸಾದವರಿಗೆ ಕಣ್ಣು ಮಂಜಾಯಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಬಾಯಿಗೆ ಬರುವುದು ಪೊರೆಯ ಮಾತು. ಅದರ ಬೆನ್ನಿಗೇ ಬರುವುದು ‘ಇನ್ನೂ ಬಲಿತಿಲ್ಲ, ಸ್ವಲ್ಪ ದಿನ ನೋಡೋಣ’ ಎಂಬ ಸಮಾಧಾನ. ಈ ಎರಡೂ ಮಾತು ಅನುಭವದಿಂದ ಹುಟ್ಟಿದವು. 1896ರಲ್ಲಿ ಆರಂಭವಾದ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಿಂದ ಹಿಡಿದು, ಬೀಳಗಿಯಲ್ಲಿ ಹುಟ್ಟಿ ಊರೂರಿಗೆ ಶಿಬಿರ ಕೊಂಡೊಯ್ದು ಲಕ್ಷಾಂತರ ಕಣ್ಣುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದ ಡಾ. ಎಂ. ಸಿ. ಮೋದಿಯವರ (1916–2005) ತನಕ, ಕನ್ನಡ ನಾಡಿನ ನೇತ್ರ ವೈದ್ಯಕೀಯದ ದೊಡ್ಡ ಕಥೆ ಪೊರೆಯ ಕಥೆಯೇ. ಹಿಂದಿನ ಶಸ್ತ್ರಚಿಕಿತ್ಸೆಯ ಕ್ರಮದಲ್ಲಿ ಪೊರೆ ಬಲಿಯುವವರೆಗೆ ಕಾಯಿರಿ ಎಂದು ಹೇಳುತ್ತಿದ್ದವರು ವೈದ್ಯರೇ. ಈಗಿನ ಕ್ರಮದಲ್ಲಿ ಹಾಗೆ ಕಾಯಬೇಕಾಗಿಲ್ಲ. ಆದರೂ ಸಾಮಾನ್ಯವಾಗಿ ಪೊರೆಯ ಚಿಕಿತ್ಸೆ ಆರು ತಿಂಗಳು ತಡವಾದರೂ ಕಳೆದುಕೊಂಡ ದೃಷ್ಟಿ ಶಸ್ತ್ರಚಿಕಿತ್ಸೆಯಿಂದ ಮರಳುತ್ತದೆ. ಅದು ತಡವನ್ನು ಕ್ಷಮಿಸುವ ಕಾಯಿಲೆ. ಈ ಕ್ಷಮೆಗೆ ಒಗ್ಗಿಹೋದ ನಾವು ವಯಸ್ಸಿನ ಕಣ್ಣಿನ ಎಲ್ಲ ಕಾಯಿಲೆಗಳೂ ಹೀಗೆಯೇ ಎಂದುಕೊಂಡಿದ್ದೇವೆ. ತಡವನ್ನು ಕ್ಷಮಿಸದ ಕಾಯಿಲೆಯೊಂದು ಅದೇ ವಯಸ್ಸಿನಲ್ಲಿ, ಹಲವೊಮ್ಮೆ ಅದೇ ಕಣ್ಣಿನಲ್ಲಿ, ಪೊರೆಯ ಹಿಂದೆಯೇ ಕುಳಿತಿರುತ್ತದೆ. ಅದು ವಯೋಸಂಬಂಧಿ ಮ್ಯಾಕ್ಯುಲಾ ಸವೆತ. ಅದನ್ನು ಹೊತ್ತಿಗೆ ಸರಿಯಾಗಿ ಗುರುತಿಸಲು ನಮಗೆ ಅಡ್ಡಿಯಾಗಿರುವುದು ಯಂತ್ರಗಳ ಕೊರತೆಗಿಂತ ಎರಡು ಅಭ್ಯಾಸಗಳು ಎಂಬುದು ಈ ಉಪನ್ಯಾಸದ ವಾದ. ಒಂದು, ಕಾಯುವ ಅಭ್ಯಾಸ. ಇನ್ನೊಂದು, ಎರಡೂ ಕಣ್ಣು ತೆರೆದುಕೊಂಡೇ ‘ಕಾಣುತ್ತದೆ’ ಎಂದು ಹೇಳಿಬಿಡುವ ಅಭ್ಯಾಸ.

ಮೊದಲು ಆ ಜಾಗವನ್ನು ನೋಡೋಣ. ಕಣ್ಣಿನ ಒಳಗೋಡೆಗೆ ಹೊದಿಸಿದಂತಿರುವ ರೆಟಿನಾ ಅಥವಾ ಅಕ್ಷಿಪಟಲದ ನಟ್ಟನಡುವೆ ಸುಮಾರು ಐದೂವರೆ ಮಿಲಿಮೀಟರ್ ಅಗಲದ ಒಂದು ವಲಯವಿದೆ. ಅದು ಮ್ಯಾಕ್ಯುಲಾ. ಅದರ ನಡುವಿನ ತಗ್ಗು ಫೋವಿಯಾ, ಒಂದೂವರೆ ಮಿಲಿಮೀಟರಿನಷ್ಟು ಅಗಲ. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗೆ ಬಂದವರ ಮುಖದ ಗುರುತು ಹಿಡಿಯುವುದು, ಮಾತ್ರೆಯ ಹಾಳೆಯ ಮೇಲಿನ ಹೆಸರು ನೋಡುವುದು, ಎಲ್ಲವೂ ನಡೆಯುವುದು ಇಲ್ಲಿ. ಉಳಿದ ರೆಟಿನಾ ನಮಗೆ ಸುತ್ತಲಿನ ಅಂದಾಜು ಕೊಡುತ್ತದೆಯೇ ಹೊರತು ವಿವರ ಕೊಡುವುದಿಲ್ಲ. ಬೆಳಕನ್ನು ಹಿಡಿಯುವ ಕೋಶಗಳ ಹಿಂದೆ, ಅವನ್ನು ಸಾಕುವ ಒಂದೇ ಪದರದ ವರ್ಣದ್ರವ್ಯ ಕೋಶಗಳಿವೆ. ಮುಂದಿನ ಕೋಶಗಳು ದಿನವೂ ತಮ್ಮ ತುದಿಯ ಹತ್ತರಲ್ಲೊಂದು ಭಾಗದಷ್ಟನ್ನು ಉದುರಿಸುತ್ತವೆ, ಈ ಸಾಕುವ ಕೋಶಗಳು ಅದನ್ನು ನುಂಗಿ ಜೀರ್ಣಿಸುತ್ತವೆ. ಹುಟ್ಟಿದಂದಿನಿಂದ ಸಾಯುವವರೆಗೆ ಬಿಡುವಿಲ್ಲದ ಕೆಲಸ ಇದು. ವಯಸ್ಸಾದಂತೆ ಜೀರ್ಣವಾಗದ ಶೇಷ ಕೋಶಗಳೊಳಗೆ ಉಳಿಯುತ್ತದೆ. ಅವುಗಳ ಕೆಳಗಿನ ಬ್ರೂಕ್ ಎಂಬ ಪದರ ದಪ್ಪವಾಗುತ್ತದೆ. ಕೊಬ್ಬು ಮತ್ತು ಪ್ರೋಟೀನಿನ ಕಶ್ಮಲ ಪಾತ್ರೆಯ ತಳದ ಗಸಿಯಂತೆ ಅಲ್ಲಿ ಹಳದಿ ಚುಕ್ಕೆಗಳಾಗಿ ನಿಲ್ಲುತ್ತದೆ. ಈ ಚುಕ್ಕೆಗಳಿಗೆ ಡ್ರೂಸನ್ ಎಂದು ಹೆಸರು. 63 ಮೈಕ್ರಾನ್‌ಗಿಂತ ಚಿಕ್ಕವು ವಯಸ್ಸಿನ ಸಹಜ ಗುರುತು. 125 ಮೈಕ್ರಾನ್ ದಾಟಿದವು ಎಚ್ಚರಿಕೆಯ ಗುರುತು.

ಇಲ್ಲಿಂದ ಕಾಯಿಲೆ ಎರಡು ದಾರಿ ಹಿಡಿಯುತ್ತದೆ. ಒಣ ಬಗೆಯಲ್ಲಿ ಸಾಕುವ ಕೋಶಗಳೂ ಅವುಗಳನ್ನು ನಂಬಿದ ಬೆಳಕಿನ ಕೋಶಗಳೂ ವರ್ಷಗಟ್ಟಲೆ ನಿಧಾನವಾಗಿ ಸಾಯುತ್ತವೆ, ಕೊನೆಗೆ ನಡುಭಾಗದಲ್ಲಿ ತೇಪೆಗಳಂತೆ ಖಾಲಿ ಜಾಗಗಳು ಉಳಿಯುತ್ತವೆ. ತೇವದ ಬಗೆಯಲ್ಲಿ ಹಿಂದಿನ ರಕ್ತನಾಳಗಳ ಪದರದಿಂದ ಹೊಸ ನಾಳಗಳು ಚಿಗುರಿ ಮೇಲಕ್ಕೆ ನುಗ್ಗುತ್ತವೆ. ಅವುಗಳ ಗೋಡೆ ಗಟ್ಟಿಯಿಲ್ಲ. ನೀರು ಜಿನುಗುತ್ತದೆ, ರಕ್ತ ಸೋರುತ್ತದೆ, ಬಿಟ್ಟರೆ ಗಾಯದ ಕಲೆ ಕಟ್ಟುತ್ತದೆ. ಒಟ್ಟು ರೋಗಿಗಳಲ್ಲಿ ತೇವದ ಬಗೆಯವರು ಕಡಿಮೆ, ಸುಮಾರು ನೂರಕ್ಕೆ ಹತ್ತರಿಂದ ಹದಿನೈದು. ಆದರೆ ಚಿಕಿತ್ಸೆ ಇಲ್ಲದ ಕಾಲದಲ್ಲಿ ಈ ಕಾಯಿಲೆಯಿಂದ ತೀವ್ರವಾಗಿ ದೃಷ್ಟಿ ಕಳೆದುಕೊಂಡವರಲ್ಲಿ ಬಹುಪಾಲು ಇವರೇ. ಒಣ ಬಗೆ ತೇವಕ್ಕೆ ತಿರುಗುವುದಕ್ಕೆ ತಿಂಗಳುಗಳು ಬೇಕಿಲ್ಲ. ಇವತ್ತು ನೆಟ್ಟಗೆ ಕಂಡ ಬಾಗಿಲ ಚೌಕಟ್ಟು ಮುಂದಿನ ವಾರ ಸೊಟ್ಟಗೆ ಕಾಣಬಹುದು. ಏಷ್ಯಾದವರಲ್ಲಿ, ನಮ್ಮವರೂ ಸೇರಿ, ಇನ್ನೊಂದು ರೂಪ ಪಾಶ್ಚಾತ್ಯರಿಗಿಂತ ಹೆಚ್ಚಾಗಿ ಕಾಣುತ್ತದೆ. ಹೊಸ ನಾಳಗಳ ತುದಿಯಲ್ಲಿ ಗುಳ್ಳೆಗಳಂತೆ ಉಬ್ಬಿ, ಒಮ್ಮೆಗೇ ಹೆಚ್ಚು ರಕ್ತ ಸುರಿಸುವ ಪಾಲಿಪಾಯ್ಡಲ್ ಎಂಬ ರೂಪ ಅದು. ಅದರಲ್ಲಿ ದೊಡ್ಡ ಡ್ರೂಸನ್ ಮೊದಲೇ ಇರಬೇಕೆಂದಿಲ್ಲ. ಆದ್ದರಿಂದ ‘ಚುಕ್ಕೆಗಳಿಲ್ಲ’ ಎಂಬ ಹಳೆಯ ವರದಿಯೊಂದನ್ನೇ ನಂಬಿಕೊಂಡು ನಮ್ಮವರು ನಿಶ್ಚಿಂತರಾಗಿ ಇರುವಂತಿಲ್ಲ.

ಇಷ್ಟು ದೊಡ್ಡ ನಷ್ಟ ಮನೆಯವರ ಕಣ್ಣಿಗೆ, ಎಷ್ಟೋ ಸಲ ರೋಗಿಯ ಅರಿವಿಗೂ, ಬೀಳುವುದಿಲ್ಲವೇಕೆ? ಬೆಂಗಳೂರಿನ ಬೇಗೂರಿನಲ್ಲಿರುವ ನಾಗೇಶ್ವರ ದೇವಸ್ಥಾನವನ್ನೇ ತೆಗೆದುಕೊಳ್ಳಿ. ಬೆಂಗಳೂರು ಎಂಬ ಹೆಸರು ಸಿಗುವ ಅತಿ ಹಳೆಯ ಬರಹ, ಕ್ರಿ.ಶ. ಸುಮಾರು 890ರದೆಂದು ಹೇಳುವ ಶಾಸನ, ಈ ಊರಿನದು. ಎರಡೂ ಮ್ಯಾಕ್ಯುಲಾ ಸವೆದ ಹಿರಿಯರೊಬ್ಬರು ಆ ದೇವಸ್ಥಾನದ ಆವರಣಕ್ಕೆ ಬಂದರೆ ಹೊಸ್ತಿಲು ಎಡವದೆ ಒಳಗೆ ಬರುತ್ತಾರೆ. ಗೋಪುರ, ಪಕ್ಕದಲ್ಲಿ ಹಾದುಹೋಗುವ ಜನ, ಕಾಲಬಳಿಯ ಮೆಟ್ಟಿಲು, ಎಲ್ಲವೂ ಅವರಿಗೆ ಗೊತ್ತಾಗುತ್ತವೆ. ಶಾಸನದ ಕಲ್ಲಿನ ಮೇಲೆ ದೃಷ್ಟಿ ನೆಟ್ಟ ಕೂಡಲೇ, ನೆಟ್ಟ ಜಾಗದಲ್ಲೇ ಮಂಜು. ಪಕ್ಕದಲ್ಲಿ ನಿಂತವರಿಗೆ ಅವರು ಕಣ್ಣು ಕಾಣುವ ಮನುಷ್ಯರಂತೆಯೇ ತೋರುತ್ತಾರೆ. ಗುರುತಿನವರು ನಕ್ಕರೆ ಮರಳಿ ನಗುವುದಿಲ್ಲ, ಅದನ್ನು ಜನ ಬಿಗುಮಾನ ಎಂದೋ ಮರೆವು ಎಂದೋ ತಿಳಿಯುತ್ತಾರೆ. ಕನ್ನಡ ಓದುವವರಿಗೆ ಈ ತೊಂದರೆ ಇನ್ನೂ ಮೊದಲೇ ತಟ್ಟುತ್ತದೆ ಎಂದು ನನಗೆ ತೋರುತ್ತದೆ. ನಮ್ಮ ಲಿಪಿಯಲ್ಲಿ ವ, ಪ, ಷ, ಮ ಇವುಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗೆರೆ, ಒಂದು ಸುಳಿ. ಒತ್ತಕ್ಷರಗಳು ಸಾಲಿನ ಕೆಳಗೆ ಇನ್ನೂ ಸಣ್ಣದಾಗಿ ಕೂರುತ್ತವೆ. ನಡುದೃಷ್ಟಿಯಲ್ಲಿ ಅಲ್ಲಲ್ಲಿ ಚೂರು ಕಳೆದುಹೋದವರಿಗೆ ಪತ್ರಿಕೆಯ ತಲೆಬರಹ ಸಲೀಸಾಗಿ ಸಿಕ್ಕಿ, ಕೆಳಗಿನ ವರದಿಯಲ್ಲಿ ಒತ್ತು ಕೊಂಬುಗಳು ಮಾಯವಾಗುತ್ತವೆ. ಅವರು ಕನ್ನಡಕದ ಅಂಗಡಿಗೆ ಹೋಗಿ ನಂಬರ್ ಬದಲಿಸುತ್ತಾರೆ, ಆರು ತಿಂಗಳಿಗೆ ಮತ್ತೆ ಬದಲಿಸುತ್ತಾರೆ. ಕೊನೆಗೆ ‘ವಯಸ್ಸಾಯಿತಲ್ಲ, ಇನ್ನೇನು’ ಎಂದು ಪತ್ರಿಕೆ ಬಿಡುತ್ತಾರೆ.

ಮರೆಮಾಚುವ ಇನ್ನೊಂದು ಶಕ್ತಿ ಎರಡನೆಯ ಕಣ್ಣು. ಕಾಯಿಲೆ ಎರಡೂ ಕಣ್ಣಿನದಾದರೂ ಎರಡರಲ್ಲೂ ಒಂದೇ ವೇಗದಲ್ಲಿ ಸಾಗುವುದಿಲ್ಲ. ಎಡಗಣ್ಣಿನ ನಡುಭಾಗ ಪೂರ್ತಿ ಹೋಗಿದ್ದರೂ ಬಲಗಣ್ಣು ಚೆನ್ನಾಗಿರುವ ತನಕ ಮಿದುಳು ಬಲಗಣ್ಣಿನದನ್ನೇ ತೆಗೆದುಕೊಂಡು ಚಿತ್ರವನ್ನು ಪೂರ್ತಿ ಮಾಡುತ್ತದೆ. ಒಂದೇ ಕಣ್ಣಿನೊಳಗೂ ಸಣ್ಣ ಖಾಲಿ ಜಾಗಗಳನ್ನು ಸುತ್ತಲಿನ ಬಣ್ಣ, ಗೆರೆಗಳಿಂದ ಮಿದುಳು ತುಂಬಿಬಿಡುತ್ತದೆ. ಹಾಗಾಗಿ ಎಷ್ಟೋ ಜನ ಮೊದಲ ಕಣ್ಣು ಹೋದದ್ದನ್ನು ತಿಳಿಯುವುದು ಅಕಸ್ಮಾತ್ತಾಗಿ, ಒಳ್ಳೆಯ ಕಣ್ಣಿಗೆ ಧೂಳು ಬಿದ್ದು ಅದನ್ನು ಉಜ್ಜಿಕೊಂಡಾಗ. ಆ ಹೊತ್ತಿಗೆ ಮೊದಲ ಕಣ್ಣಿನಲ್ಲಿ ಕಲೆ ಕಟ್ಟಿ ಮುಗಿದಿರುತ್ತದೆ. ಇಲ್ಲಿ ನಮ್ಮ ನಾಡಿನ ಇನ್ನೊಂದು ನಂಬಿಕೆಯನ್ನೂ ಮುಟ್ಟಬೇಕು. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ನೇತ್ರದಾನ ಕನ್ನಡಿಗರಲ್ಲಿ ಮೂಡಿಸಿದ ಎಚ್ಚರ ಬೆಲೆ ಕಟ್ಟಲಾಗದ್ದು. ಆದರೆ ದಾನವಾಗಿ ಬಂದ ಕಣ್ಣಿನಿಂದ ಕಸಿ ಮಾಡುವುದು ಕಣ್ಣಿನ ಮುಂಭಾಗದ ಪಾರದರ್ಶಕ ಕಾರ್ನಿಯಾವನ್ನು ಮಾತ್ರ. ಸವೆದ ಮ್ಯಾಕ್ಯುಲಾಗೆ ಬದಲಿ ಕೊಡುವ ನೇತ್ರದಾನ ಇಲ್ಲ. ಹೋದದ್ದನ್ನು ಮುಂದೆ ಹೇಗಾದರೂ ಸರಿಮಾಡಬಹುದು ಎಂಬ ಭರವಸೆಗೆ ಇಲ್ಲಿ ಆಧಾರವಿಲ್ಲ.

ಹೋಗುವುದನ್ನು ತಡೆಯಬಹುದು ಎಂಬುದಕ್ಕೆ ಮಾತ್ರ ಗಟ್ಟಿ ಆಧಾರವಿದೆ. ಹೊಸ ನಾಳಗಳನ್ನು ಚಿಗುರಿಸುವ ವಿಇಜಿಎಫ್ ಎಂಬ ಪ್ರೋಟೀನನ್ನು ತಡೆಯುವ ಔಷಧವನ್ನು ಕಣ್ಣಿನೊಳಕ್ಕೆ ಚುಚ್ಚುಮದ್ದಾಗಿ ಕೊಡುವ ಚಿಕಿತ್ಸೆ ಬಂದು ಇಪ್ಪತ್ತು ವರ್ಷದ ಹತ್ತಿರವಾಯಿತು. 2006ರಲ್ಲಿ ಪ್ರಕಟವಾದ ಮರೀನಾ ಪ್ರಯೋಗದಲ್ಲಿ, ರಾನಿಬಿಜುಮಾಬ್ ಪಡೆದವರಲ್ಲಿ ನೂರಕ್ಕೆ ಸುಮಾರು 95 ಮಂದಿ ಒಂದು ವರ್ಷದಲ್ಲಿ ದೃಷ್ಟಿ ಪರೀಕ್ಷೆಯ ಫಲಕದ ಹದಿನೈದು ಅಕ್ಷರಗಳಷ್ಟು ದೃಷ್ಟಿ ಕಳೆದುಕೊಳ್ಳದೆ ಉಳಿದರು. ಔಷಧವಿಲ್ಲದ ಗುಂಪಿನಲ್ಲಿ ಹಾಗೆ ಉಳಿದವರು 62 ಮಂದಿ. ಹೆಚ್ಚಿನ ಪ್ರಮಾಣದ ಔಷಧ ಪಡೆದವರಲ್ಲಿ ಮೂರರಲ್ಲೊಬ್ಬರಿಗೆ ದೃಷ್ಟಿ ಗಣನೀಯವಾಗಿ ಸುಧಾರಿಸಿತು, ಔಷಧವಿಲ್ಲದವರಲ್ಲಿ ಅದು ಇಪ್ಪತ್ತರಲ್ಲೊಬ್ಬರಿಗೆ ಮಾತ್ರ. ಇದರ ಜೊತೆಗೆ ಮುಂದಿನ ಅಧ್ಯಯನಗಳು ಮತ್ತೆ ಮತ್ತೆ ಹೇಳಿದ ವಿಷಯ ಒಂದಿದೆ. ಚಿಕಿತ್ಸೆ ಆರಂಭಿಸಿದ ದಿನ ಎಷ್ಟು ದೃಷ್ಟಿ ಉಳಿದಿತ್ತೋ ಅದರ ಮೇಲೇ ಮುಂದಿನ ದೃಷ್ಟಿ ನಿಂತಿದೆ. ಔಷಧ ಸೋರುವುದನ್ನು ನಿಲ್ಲಿಸುತ್ತದೆ, ಕಟ್ಟಿದ ಕಲೆಯನ್ನು ಅಳಿಸುವುದಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ತೇವದ ಬಗೆಯ ಶಂಕೆ ಬಂದವರನ್ನು ಒಂದು ಕೆಲಸದ ದಿನದೊಳಗೆ ತಜ್ಞರಿಗೆ ಕಳಿಸಬೇಕು, ಚಿಕಿತ್ಸೆ ಬೇಕಾದರೆ 14 ದಿನದೊಳಗೆ ಕೊಡಬೇಕು ಎನ್ನುತ್ತದೆ. ಹಬ್ಬ ಕಳೆಯಲಿ, ಮಗನ ಪ್ರಾಜೆಕ್ಟ್ ಮುಗಿಯಲಿ, ಊರಿಗೆ ಹೋಗಿಬಂದ ಮೇಲೆ ತೋರಿಸೋಣ ಎನ್ನುವುದರೊಳಗೆ ಆ 14 ದಿನ ಮುಗಿದಿರುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ? ಮೊದಲ ಪರೀಕ್ಷೆಗೆ ಬೇಕಾದ ಸಾಧನ ಒಂದು ಅಂಗೈ. ಓದುವ ಕನ್ನಡಕ ಹಾಕಿಕೊಂಡು, ಒಳ್ಳೆಯ ಬೆಳಕಿನಲ್ಲಿ, ಅಂಗೈಯಿಂದ ಒಂದು ಕಣ್ಣನ್ನು ಅದುಮದೆ ಮುಚ್ಚಿ, ಇನ್ನೊಂದರಿಂದ ನೋಡುವುದು, ಬಳಿಕ ಅದಲು ಬದಲು ಮಾಡುವುದು. ಏನನ್ನು ನೋಡಬೇಕೆಂಬುದಕ್ಕೆ ಸ್ವಿಟ್ಜರ್ಲೆಂಡಿನ ನೇತ್ರತಜ್ಞ ಮಾರ್ಕ್ ಆಮ್ಸ್ಲರ್ 1940ರ ದಶಕದಲ್ಲಿ ಒಂದು ಚೌಕಳಿ ಹಾಳೆಯನ್ನು ಬಳಕೆಗೆ ತಂದರು. ಹತ್ತು ಸೆಂಟಿಮೀಟರಿನ ಚೌಕ, ಅದರೊಳಗೆ ಐದೈದು ಮಿಲಿಮೀಟರಿನ ಮನೆಗಳು, ನಡುವೆ ಒಂದು ಚುಕ್ಕೆ. ಒಂದಡಿ ದೂರದಲ್ಲಿ ಹಿಡಿದರೆ ಅದು ಮ್ಯಾಕ್ಯುಲಾದ ನೋಟವನ್ನು ಹೆಚ್ಚುಕಡಿಮೆ ಆವರಿಸುತ್ತದೆ. ದೃಷ್ಟಿಯನ್ನು ಚುಕ್ಕೆಯಿಂದ ಕದಲಿಸದೆ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಚುಕ್ಕೆ ಕಾಣುತ್ತಿದೆಯೇ, ನಾಲ್ಕು ಮೂಲೆಯೂ ಇವೆಯೇ, ಗೆರೆ ಎಲ್ಲಾದರೂ ಬಾಗಿದೆಯೇ, ಯಾವುದಾದರೂ ಮನೆ ಮಸುಕಾಗಿದೆಯೇ. ಹಾಳೆ ಕೈಯಲ್ಲಿ ಇಲ್ಲದವರಿಗೆ ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆ. ತಾರೀಖಿನ ಚೌಕಗಳ ಗೆರೆಗಳು ಒಂದು ಕಣ್ಣಿಗೆ ನೆಟ್ಟಗಿದ್ದು ಇನ್ನೊಂದಕ್ಕೆ ಅಲೆಯಂತೆ ಕಂಡರೆ, ಅಥವಾ ನೋಡುತ್ತಿರುವ ತಾರೀಖೇ ಮಾಯವಾಗಿ ಸುತ್ತಲಿನವು ಉಳಿದರೆ, ಅದನ್ನು ಅದೇ ವಾರ ತಜ್ಞರಿಗೆ ತೋರಿಸಬೇಕು. ಕನ್ನಡಕದ ಅಂಗಡಿಯಲ್ಲೂ ಒಂದು ಸಣ್ಣ ಪರೀಕ್ಷೆ ಸಾಧ್ಯ. ನಡುವೆ ಸೂಜಿಯಷ್ಟು ರಂಧ್ರವಿರುವ ತಟ್ಟೆಯ ಮೂಲಕ ಫಲಕ ನೋಡಿಸಿದಾಗ ಅಕ್ಷರ ಸ್ಪಷ್ಟವಾದರೆ ದೋಷ ಬಹುತೇಕ ನಂಬರಿನದು. ರಂಧ್ರದಿಂದಲೂ ಸ್ಪಷ್ಟವಾಗದಿದ್ದರೆ, ಇನ್ನೂ ಕೆಟ್ಟರೆ, ಕಣ್ಣಿನ ಒಳಗೆ ನೋಡಬೇಕಾದ ಕಾರಣವಿದೆ. ಅಂಥವರಿಗೆ ಹೊಸ ಕನ್ನಡಕ ಮಾರಿ ಕಳಿಸುವುದು ಸರಿಯಲ್ಲ.

ಆಮ್ಸ್ಲರ್ ಹಾಳೆಯನ್ನು ನಂಬಲಾಗದು ಎಂಬ ಆಕ್ಷೇಪ ತಜ್ಞರಲ್ಲಿದೆ, ಮತ್ತು ಅದು ನಿಜ. ಮಿದುಳು ಖಾಲಿ ಜಾಗವನ್ನು ತುಂಬುವುದರಿಂದ ಕಾಯಿಲೆಯಿದ್ದೂ ಗೆರೆ ನೆಟ್ಟಗೆ ಕಾಣುವವರು ಸಾಕಷ್ಟಿದ್ದಾರೆ. ಆದ್ದರಿಂದ ಈ ಹಾಳೆಗೆ ಎಚ್ಚರಿಸುವ ಅಧಿಕಾರವಿದೆ, ‘ಏನೂ ಇಲ್ಲ’ ಎಂದು ಹೇಳುವ ಅಧಿಕಾರವಿಲ್ಲ. ಆ ಮಾತನ್ನು ಹೇಳಬೇಕಾದದ್ದು ಪಾಪೆ ಹಿಗ್ಗಿಸುವ ಹನಿ ಹಾಕಿ ಒಳಗೆ ನೋಡಿದ ವೈದ್ಯರು. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ನೇತ್ರದರ್ಶಕವನ್ನು ರೂಪಿಸಿದ ಮೇಲೆ ಜೀವಂತ ಕಣ್ಣಿನ ಹಿಂಬದಿ ಮನುಷ್ಯರಿಗೆ ಕಂಡಿತು. 1991ರಲ್ಲಿ ಡೇವಿಡ್ ಹುವಾಂಗ್, ಎರಿಕ್ ಸ್ವಾನ್ಸನ್, ಜೇಮ್ಸ್ ಫ್ಯುಜಿಮೊಟೊ ಮತ್ತು ಸಂಗಡಿಗರು ಓಸಿಟಿ ತಂತ್ರವನ್ನು ಪ್ರಕಟಿಸಿದ ಮೇಲೆ ಅದರ ಅಡ್ಡಸೀಳು ಕಂಡಿತು. ಗದ್ದ ಊರಿ ಕೂತರೆ ಕೆಲವೇ ಕ್ಷಣಗಳ ಕೆಲಸ. ಚುಚ್ಚುವುದಿಲ್ಲ, ಮುಟ್ಟುವುದೂ ಇಲ್ಲ. ತೆರೆಯ ಮೇಲೆ ರೆಟಿನಾದ ಪದರಗಳು ಒಂದರ ಮೇಲೊಂದು ಹಾಸಿದಂತೆ ಬರುತ್ತವೆ. ಆರೋಗ್ಯವಂತ ಕಣ್ಣಿನಲ್ಲಿ ನಡುವೆ ನುಣುಪಾದ ಒಂದು ತಗ್ಗು, ಕೆಳಗೆ ನೇರವಾದ ಬೆಳ್ಳನೆಯ ಪಟ್ಟಿ. ಡ್ರೂಸನ್ ಇದ್ದರೆ ಆ ಪಟ್ಟಿ ಅಲ್ಲಲ್ಲಿ ದಿಬ್ಬವಾಗುತ್ತದೆ. ನೀರು ಜಿನುಗಿದ್ದರೆ ಪದರಗಳ ನಡುವೆ ಕಪ್ಪು ಪೊಳ್ಳುಗಳು ಕಾಣುತ್ತವೆ. ರೋಗಿಗೆ ತೊಂದರೆ ತಿಳಿಯುವ ಮೊದಲೇ ಜಿನುಗುವಿಕೆಯನ್ನು ತೋರಿಸಬಲ್ಲದೆಂಬುದೇ ಈ ಯಂತ್ರದ ದೊಡ್ಡಸ್ತಿಕೆ. ಯಾವ ರೋಗಿಗೆ ಮುಂದಿನ ಚುಚ್ಚುಮದ್ದು ಎಂದು ಬೇಕು ಎಂಬುದನ್ನೂ ಈಗ ಹೆಚ್ಚಾಗಿ ಇದೇ ತೀರ್ಮಾನಿಸುತ್ತದೆ.

ಇನ್ನು ಗಂಭೀರವಾದ ಆಕ್ಷೇಪ. ಲಕ್ಷಣವಿಲ್ಲದ ಹಿರಿಯರನ್ನೆಲ್ಲ ಸಾಲುಗಟ್ಟಿಸಿ ತಪಾಸಣೆ ಮಾಡುವುದರಿಂದ ಲಾಭವಿದೆಯೇ? ಅಮೆರಿಕದ ತಡೆಗಟ್ಟುವ ಸೇವೆಗಳ ಕಾರ್ಯಪಡೆ 2016ರಲ್ಲೂ 2022ರಲ್ಲೂ ಹಿರಿಯರ ದೃಷ್ಟಿ ತಪಾಸಣೆಯ ಪರವಾಗಿ ಸಾಕಷ್ಟು ಪುರಾವೆ ಇಲ್ಲವೆಂದೇ ಹೇಳಿತು. ಆರಂಭದ ಹಂತಕ್ಕೆ ಔಷಧವೂ ಇಲ್ಲ. ಚಿಕ್ಕ ಚುಕ್ಕೆಗಳಿವೆ ಎಂದು ಹೇಳಿ ಹೆದರಿಸಿ ಕಳಿಸುವುದರಿಂದ ಯಾರಿಗೂ ಒಳ್ಳೆಯದಾಗದು. ಈ ವಾದವನ್ನು ನಾನು ಗೌರವಿಸುತ್ತೇನೆ, ಮತ್ತು ಸಾಮೂಹಿಕ ತಪಾಸಣೆ ನನ್ನ ಬೇಡಿಕೆಯಲ್ಲ. ಅಪಾಯ ಎಲ್ಲರಲ್ಲೂ ಒಂದೇ ಸಮ ಹಂಚಿಲ್ಲ ಎಂಬುದೇ ನನ್ನ ಉತ್ತರ. 2005ರಲ್ಲಿ ಅಮೆರಿಕದ ಆರೆಡ್ಸ್ ಅಧ್ಯಯನ ತಂಡ ಒಂದು ಸರಳ ಅಳತೆ ಕೊಟ್ಟಿತು. ಒಂದೊಂದು ಕಣ್ಣಿನಲ್ಲೂ ದೊಡ್ಡ ಡ್ರೂಸನ್‌ಗೆ ಒಂದು ಅಂಕ, ವರ್ಣದ್ರವ್ಯ ಕೆಟ್ಟಿದ್ದರೆ ಒಂದು ಅಂಕ, ಒಂದು ಕಣ್ಣು ಆಗಲೇ ಮುಂದುವರಿದ ಹಂತ ತಲುಪಿದ್ದರೆ ಆ ಕಣ್ಣಿಗೆ ಎರಡು. ಸೊನ್ನೆ ಅಂಕದವರಲ್ಲಿ ಐದು ವರ್ಷದಲ್ಲಿ ಕಾಯಿಲೆ ಮುಂದುವರಿದ ಹಂತಕ್ಕೆ ಹೋಗುವುದು ನೂರಕ್ಕೆ ಅರ್ಧ, ನಾಲ್ಕು ಅಂಕದವರಲ್ಲಿ ನೂರಕ್ಕೆ ಐವತ್ತು. ನೂರು ಪಟ್ಟು ವ್ಯತ್ಯಾಸ. ಈ ಎರಡನೆಯ ಗುಂಪನ್ನು ಹುಡುಕಲು ಊರನ್ನೆಲ್ಲ ಜಾಲಾಡಬೇಕಿಲ್ಲ, ಏಕೆಂದರೆ ಅವರು ಯಾವುದೋ ಕಾರಣಕ್ಕೆ ಆಗಲೇ ಕಣ್ಣು ತೋರಿಸಲು ಬಂದಿರುತ್ತಾರೆ: ಕನ್ನಡಕಕ್ಕೆ, ಪೊರೆಗೆ, ಸಕ್ಕರೆ ಕಾಯಿಲೆಯ ವಾರ್ಷಿಕ ಪರೀಕ್ಷೆಗೆ. ಬಂದವರನ್ನು ಒಂದೊಂದೇ ಕಣ್ಣು ಮುಚ್ಚಿಸಿ ನೋಡಿ, ಮ್ಯಾಕ್ಯುಲಾದ ಸ್ಥಿತಿ ಬರೆದು ಕೊಡುವುದಷ್ಟೇ ಕೇಳಿಕೆ. ದೊಡ್ಡ ಚುಕ್ಕೆಗಳ ಮಧ್ಯಮ ಹಂತದವರಿಗೆ ಮಾಡಲು ಏನೂ ಇಲ್ಲವೆಂಬುದೂ ಸರಿಯಲ್ಲ. 2001ರ ಆರೆಡ್ಸ್ ಫಲಿತಾಂಶದ ಪ್ರಕಾರ ನಿರ್ದಿಷ್ಟ ಪ್ರಮಾಣದ ವಿಟಮಿನ್ ಮತ್ತು ಸತುವಿನ ಮಾತ್ರೆ ಅಂಥವರಲ್ಲಿ ಮುಂದಿನ ಹಂತಕ್ಕೆ ಹೋಗುವ ಅಪಾಯವನ್ನು ಐದು ವರ್ಷದಲ್ಲಿ ಕಾಲು ಭಾಗದಷ್ಟು ತಗ್ಗಿಸಿತು. ಧೂಮಪಾನಿಗಳಲ್ಲಿ ಬೀಟಾ ಕೆರೋಟಿನ್ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುವುದರಿಂದ 2013ರ ಎರಡನೆಯ ಅಧ್ಯಯನದ ಬಳಿಕ ಅದರ ಬದಲಿಗೆ ಲ್ಯೂಟಿನ್, ಜಿಯಾಜಾಂಥಿನ್ ಬಂದವು. ಇದೇ ಮಾತ್ರೆಗಳನ್ನು ಕಾಯಿಲೆಯಿಲ್ಲದವರು ತಡೆಗೆಂದು ನುಂಗುವುದಕ್ಕೆ ಮಾತ್ರ ಈ ಅಧ್ಯಯನಗಳಲ್ಲಿ ಆಧಾರವಿಲ್ಲ.

ಬಡ ದೇಶಕ್ಕೆ ಪೊರೆಯೇ ಸಾಕಲ್ಲವೇ ಎಂದೂ ಕೇಳುವವರಿದ್ದಾರೆ. 2015–19ರ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯಲ್ಲಿ ಐವತ್ತು ದಾಟಿದವರಲ್ಲಿ ಅಂಧತ್ವ ಶೇ. 1.99, ಅದರಲ್ಲಿ ಶೇ. 66.2ಕ್ಕೆ ಕಾರಣ ಪೊರೆ. ಪೊರೆಗೇ ಮೊದಲ ಮಣೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅಂಧತ್ವ ಅಳೆಯುವ ಇಂಥ ಸಮೀಕ್ಷೆ ಒಳ್ಳೆಯ ಕಣ್ಣಿನ ಲೆಕ್ಕ ಹಿಡಿಯುತ್ತದೆ. ಒಂದು ಕಣ್ಣು ಪೂರ್ತಿ ಹೋದವರು ಅದರಲ್ಲಿ ಅಂಧರೆಂದು ಎಣಿಕೆಯಾಗುವುದಿಲ್ಲ, ನಾವು ಹುಡುಕಬೇಕಾದವರು ಹೆಚ್ಚಾಗಿ ಅವರೇ. ಇನ್ನೊಂದು ಮಾತು, ಈ ಎರಡು ಕಾಯಿಲೆಗಳು ಒಂದೇ ಕುರ್ಚಿ, ಒಂದೇ ಹನಿ, ಒಂದೇ ವೈದ್ಯರನ್ನು ಹಂಚಿಕೊಳ್ಳುತ್ತವೆ. ಪೊರೆಗೆ ಪಾಪೆ ಹಿಗ್ಗಿಸಿದ ದಿನವೇ ಹಿಂದಿನದನ್ನೂ ನೋಡಿದರೆ ಹೆಚ್ಚುವರಿ ವೆಚ್ಚ ಅತ್ಯಲ್ಪ. ನೋಡದಿದ್ದರೆ ಆಗುವುದೇನು? ಪೊರೆ ತೆಗೆದು ಒಳ್ಳೆಯ ಮಸೂರ ಕೂರಿಸಿದ ಮೇಲೂ ಅಜ್ಜಿಗೆ ಮುಖ ಕಾಣುವುದಿಲ್ಲ. ಮನೆಯವರು ಶಸ್ತ್ರಚಿಕಿತ್ಸೆಯನ್ನೇ ದೂರುತ್ತಾರೆ, ಬೀದಿಯ ಇನ್ನಿಬ್ಬರು ಹೆದರಿ ಪೊರೆ ತೆಗೆಸುವುದನ್ನೇ ಬಿಡುತ್ತಾರೆ. ಹಾಗಾಗಿ ಮ್ಯಾಕ್ಯುಲಾವನ್ನು ಮೊದಲೇ ನೋಡಿ, ಏನು ನಿರೀಕ್ಷಿಸಬಹುದೆಂದು ಹೇಳುವುದು ಪೊರೆಯ ಕಾರ್ಯಕ್ರಮದ ನಂಬಿಕೆಗೂ ಬೇಕಾದದ್ದು.

ವೆಚ್ಚದ ಪ್ರಶ್ನೆ ಸುಲಭದ್ದಲ್ಲ. ಚುಚ್ಚುಮದ್ದು ಒಂದಕ್ಕೆ ಮುಗಿಯುವುದಿಲ್ಲ, ವರ್ಷಗಟ್ಟಲೆ ಬೇಕಾಗಬಹುದು. ಆದರೂ ಬಾಗಿಲು ಮುಚ್ಚಿಲ್ಲ. ಕ್ಯಾನ್ಸರಿನ ಔಷಧವಾದ ಬೆವಾಸಿಜುಮಾಬ್ ಕಣ್ಣಿನಲ್ಲಿ ಹೆಚ್ಚುಕಡಿಮೆ ದುಬಾರಿಯಾದ ರಾನಿಬಿಜುಮಾಬಿನಷ್ಟೇ ಕೆಲಸ ಮಾಡುತ್ತದೆಂದು 2011ರ ಕ್ಯಾಟ್ ಪ್ರಯೋಗ ತೋರಿಸಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಣ್ಣಿನ ಬಳಕೆಗಾಗಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಒಂದು ಸೀಸೆಯಿಂದ ಹಲವರಿಗೆ ಹಂಚುವಾಗ ಸ್ವಚ್ಛತೆ ತಪ್ಪಿದರೆ ಕಣ್ಣಿಗೇ ಸೋಂಕು ತಗಲುವ ಅಪಾಯವಿದೆ, ಅಲ್ಲಿ ರಾಜಿ ಸಲ್ಲದು. 2015ರಿಂದ ಭಾರತದಲ್ಲೇ ತಯಾರಾಗುವ ರಾನಿಬಿಜುಮಾಬಿನ ಸಮರೂಪಿ ಔಷಧವೂ ಸಿಗುತ್ತಿದೆ.

ಈ ಮಾತುಗಳನ್ನು ಒಂದು ಊರಿಗೆ ಹೊಂದಿಸಿ ನೋಡಲು ಮತ್ತೆ ಬೇಗೂರಿಗೆ ಬರೋಣ. ಕೆರೆ, ಕೋಟೆ, ಹೊಲಗಳ ಹಳ್ಳಿಯಾಗಿದ್ದ ಈ ಊರಿನಲ್ಲಿ ಇಂದು ಎರಡು ಬಗೆಯ ಹಿರಿಯರಿದ್ದಾರೆ. ಇಲ್ಲಿಯೇ ದುಡಿದು ಮುಪ್ಪಾದವರು ಒಂದು ಬಗೆ: ಬೊಮ್ಮನಹಳ್ಳಿ, ಹೊಂಗಸಂದ್ರದ ಗಾರ್ಮೆಂಟ್ಸ್‌ನಲ್ಲಿ ಹೊಲಿದವರು, ಹೊಸೂರು ರಸ್ತೆಯ ಕಾರ್ಖಾನೆಗಳಲ್ಲಿ ನಿವೃತ್ತರಾದವರು. ಇನ್ನೊಂದು ಬಗೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಮಕ್ಕಳ ಅಪಾರ್ಟ್‌ಮೆಂಟಿಗೆ ಹಾಸನ, ಮಂಡ್ಯ, ಧಾರವಾಡದ ಕಡೆಯಿಂದ ಬಂದು ಸೇರಿದ ಅಪ್ಪ ಅಮ್ಮಂದಿರು. ಮೊದಲಿನವರಿಗೆ ವೈದ್ಯರು ದೂರ. ಎರಡನೆಯವರಿಗೆ ವಿಮೆ ಇದ್ದೀತು, ಆದರೆ ಕಣ್ಣು ತೋರಿಸಬೇಕೆಂದು ಕೇಳಲು ಸಂಕೋಚ, ಕರೆದೊಯ್ಯಲು ಮಕ್ಕಳ ರಜೆಯ ಹೊಂದಾಣಿಕೆ. ವಾರ್ಷಿಕ ಆರೋಗ್ಯ ತಪಾಸಣೆಯ ಪ್ಯಾಕೇಜಿನಲ್ಲಿ ಕಣ್ಣಿನ ಪರೀಕ್ಷೆ ಎಂದು ಬರೆದಿದ್ದರೂ ಅದು ಫಲಕ ಓದಿಸುವುದಕ್ಕೇ ಮುಗಿಯಬಹುದು. ಪಾಪೆ ಹಿಗ್ಗಿಸಿ ನೋಡುತ್ತೀರಾ ಎಂದು ಮಕ್ಕಳು ಕೇಳಲೇಬೇಕು. ಆ ಮಕ್ಕಳು ತಮ್ಮ ಕಣ್ಣಿನ ಬಗ್ಗೆ ಚಿಂತಿಸುತ್ತಾರೆ, ಮಾನಿಟರಿನ ನೀಲಿ ಬೆಳಕು ತಡೆಯುವ ಕನ್ನಡಕ ಕೊಳ್ಳುತ್ತಾರೆ. ಕಂಪ್ಯೂಟರ್ ತೆರೆಯ ಬೆಳಕು ಮ್ಯಾಕ್ಯುಲಾವನ್ನು ಸವೆಸುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಆ ಕನ್ನಡಕಗಳಿಂದ ಕಣ್ಣಿನ ಆಯಾಸವೂ ಕಡಿಮೆಯಾಗುವಂತೆ ಕಾಣದೆಂದು 2023ರ ಕಾಕ್ರೇನ್ ವಿಮರ್ಶೆ ಹೇಳಿದೆ. ಬದಲಿಸಬಹುದಾದ ಕಾರಣಗಳಲ್ಲಿ ದೊಡ್ಡದು ಹೊಗೆಸೊಪ್ಪು. ಬೀಡಿ, ಸಿಗರೇಟು ಬಿಡುವುದು ಈ ಕಾಯಿಲೆಗೆ ಯಾವ ಕನ್ನಡಕಕ್ಕಿಂತ ದೊಡ್ಡ ರಕ್ಷಣೆ.

ತಜ್ಞರಿಲ್ಲದ ಕಡೆ ಚಿತ್ರ ತೆಗೆದು ತಜ್ಞರಿಗೆ ಕಳಿಸುವ ಕ್ರಮವನ್ನು ಕರ್ನಾಟಕ ಹೊರಗಿನಿಂದ ಕಲಿಯಬೇಕಾಗಿಲ್ಲ. 2008ರಲ್ಲಿ ನಾರಾಯಣ ನೇತ್ರಾಲಯ ಆರಂಭಿಸಿದ ಕಿಡ್ರಾಪ್ ಯೋಜನೆಯಲ್ಲಿ, ದಿನ ತುಂಬದೆ ಹುಟ್ಟಿದ ಕೂಸುಗಳ ರೆಟಿನಾದ ಚಿತ್ರವನ್ನು ತರಬೇತಿ ಪಡೆದ ತಂತ್ರಜ್ಞರೇ ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ತೆಗೆದರು. ಕೂಸಿನ ಕಣ್ಣಿಗೆ ಸಾಧ್ಯವಾದದ್ದು ಗದ್ದ ಊರಿ ಕೂರಬಲ್ಲ ಅಜ್ಜನ ಕಣ್ಣಿಗೆ ಸಾಧ್ಯವಾಗದೇ? ಹಗುರವಾದ ರೆಟಿನಾ ಕ್ಯಾಮೆರಾಗಳನ್ನು ತಯಾರಿಸುವ ಫೋರಸ್, ರೆಮಿಡಿಯೋ ಎರಡೂ ಬೆಂಗಳೂರಿನ ಕಂಪನಿಗಳೇ. ಸರ್ಕಾರದ ಆಶಾಕಿರಣ ಯೋಜನೆಯಡಿ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ದೃಷ್ಟಿ ಪರೀಕ್ಷಿಸುವ ಪರಿಪಾಠ ಬಂದಿದೆ, ನಗರಗಳಲ್ಲಿ ನಮ್ಮ ಕ್ಲಿನಿಕ್‌ಗಳಿವೆ. ಅಲ್ಲಿ ಬಿಪಿ, ಸಕ್ಕರೆ ನೋಡಿಸಲು ಬರುವ ಅರವತ್ತು ದಾಟಿದವರಿಗೆ ಒಂದೊಂದೇ ಕಣ್ಣಿನ ಪರೀಕ್ಷೆ, ಸಂಶಯವಿದ್ದರೆ ಒಂದು ಚಿತ್ರ, ಚಿತ್ರ ಕೆಟ್ಟಿದ್ದರೆ ಎರಡು ವಾರದೊಳಗಿನ ತಾರೀಖು, ಇಷ್ಟನ್ನು ಜೋಡಿಸಿದರೆ ಸಾಕು. ಚಿತ್ರವನ್ನು ಕೃತಕ ಬುದ್ಧಿಮತ್ತೆ ಓದಲಿ, ವೈದ್ಯರು ಓದಲಿ, ಆ ತಾರೀಖು ಸಿಗದಿದ್ದರೆ ಓದಿದ್ದು ವ್ಯರ್ಥ. ಯಂತ್ರ ಕೊಂಡು ಉದ್ಘಾಟಿಸುವುದು ಸುಲಭ, ಯಂತ್ರ ಹೇಳಿದ ರೋಗಿಯನ್ನು ಮಿಂಟೋ ಆಸ್ಪತ್ರೆಯ ಅಥವಾ ಹತ್ತಿರದ ರೆಟಿನಾ ವಿಭಾಗದ ಬಾಗಿಲ ತನಕ ಮುಟ್ಟಿಸುವುದು ಕಷ್ಟ. ಹಣ, ಶ್ರಮ ಹೋಗಬೇಕಾದದ್ದು ಅಲ್ಲಿಗೆ.

ತಡವಾಗಿ ಬಂದವರನ್ನು ‘ಇನ್ನೇನೂ ಮಾಡುವಂತಿಲ್ಲ’ ಎಂದು ಕಳಿಸಿಬಿಡುವುದೂ ಸಲ್ಲದು. ಅವರ ಅಂಚಿನ ದೃಷ್ಟಿ ಉಳಿದಿರುತ್ತದೆ. ಬೆಳಕಿರುವ ಭೂತಗನ್ನಡಿ, ಅಕ್ಷರ ದೊಡ್ಡದು ಮಾಡುವ ಸ್ಮಾರ್ಟ್‌ಫೋನ್, ತುಸು ಪಕ್ಕಕ್ಕೆ ದೃಷ್ಟಿಯಿಟ್ಟು ನೋಡುವ ಅಭ್ಯಾಸ, ಇವುಗಳಿಂದ ಮತ್ತೆ ಓದಿಗೆ ಮರಳಿದವರಿದ್ದಾರೆ. ದೃಷ್ಟಿ ಕುಂದಿದ ಕೆಲವರಿಗೆ ಇಲ್ಲದ ಮಕ್ಕಳು, ಹೂಗಳು, ಚಿತ್ತಾರಗಳು ಕಾಣಿಸಿಕೊಳ್ಳುತ್ತವೆ. 1760ರಲ್ಲಿ ಸ್ವಿಸ್ ವಿದ್ವಾಂಸ ಶಾರ್ಲ್ ಬೊನೆ ತನ್ನ ಅಜ್ಜನಲ್ಲಿ ಇದನ್ನು ಗಮನಿಸಿ ಬರೆದಿಟ್ಟ. ಮಾಹಿತಿ ಸಿಗದ ಮಿದುಳು ತಾನೇ ಚಿತ್ರ ಕಟ್ಟುವುದರಿಂದ ಆಗುವುದಿದು, ಬುದ್ಧಿ ಕೆಟ್ಟದ್ದಲ್ಲ. ನಮ್ಮಲ್ಲಿ ಹಿರಿಯರು ಅದನ್ನು ಹೇಳಿದರೆ ಅರಳುಮರಳು ಎಂದಾರು, ಗಾಳಿ ಸೋಕಿದೆ ಎಂದಾರು ಎಂದು ಹೆದರಿ ಬಾಯಿ ಬಿಡುವುದಿಲ್ಲ. ವೈದ್ಯರು ಕೇಳಿದರೆ ಮಾತ್ರ ಹೇಳುತ್ತಾರೆ, ಆದ್ದರಿಂದ ಕೇಳಬೇಕು. ಇನ್ನು ಮ್ಯಾಕ್ಯುಲಾ ಸವೆತದಲ್ಲಿ ವಂಶವಾಹಿಯ ಪಾಲೂ ಇದೆ. ರಕ್ಷಣಾ ವ್ಯವಸ್ಥೆಯನ್ನು ಹತೋಟಿಯಲ್ಲಿಡುವ ಕಾಂಪ್ಲಿಮೆಂಟ್ ಫ್ಯಾಕ್ಟರ್ ಎಚ್ ಎಂಬ ಜೀನಿನ ಒಂದು ರೂಪಕ್ಕೂ ಇದಕ್ಕೂ ನಂಟಿರುವುದು 2005ರಲ್ಲೇ ಗೊತ್ತಾಯಿತು. ಹಾಗಾಗಿ ಇಂಥ ರೋಗಿಯನ್ನು ಕೈಹಿಡಿದು ಕರೆತಂದ ಮಗನೋ ಮಗಳೋ ಐವತ್ತು ದಾಟಿದ್ದರೆ, ಅವರನ್ನೂ ಅದೇ ದಿನ ಅದೇ ಕುರ್ಚಿಯಲ್ಲಿ ಕೂರಿಸಿ, ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು ಎಂದು ಬೇರೆ ಬೇರೆಯಾಗಿಯೇ ನೋಡಬೇಕು.